ಬಿಪಿಗೆ ಪುಂಡಿ ಕಷಾಯ: ಕುಡಿಯುವ ಮೊದಲು ಅಳೆಯಿರಿ

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಬಿಪಿ ಇದೆ ಎಂದರೆ ಸಾಕು, ಯಾರಾದರೂ ಒಂದು ಬೇರಿನ ಹೆಸರು ಹೇಳಿಯೇ ಹೇಳುತ್ತಾರೆ. ನಗುವ ವಿಷಯ ಅಲ್ಲ. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುವುದನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲೇ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದಿದ್ದರು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಮದ್ದಿನ ಅಂಶ ಬೇರ್ಪಡಿಸಿದರು, ಮಾತ್ರೆಯೂ ಬಂತು. ಆದರೆ ಪ್ರಮಾಣ ಜಾಸ್ತಿಯಾದರೆ ಮನಸ್ಸು ಕುಗ್ಗುತ್ತದೆ, ನಾಡಿ ನಿಧಾನವಾಗುತ್ತದೆ. ಯಾವ ಬೇರಿನಲ್ಲಿ ಮದ್ದು ಎಷ್ಟಿದೆ ಎಂದು ಮನೆಯಲ್ಲಿ ತಿಳಿಯುವ ದಾರಿಯಿಲ್ಲ. ಅದನ್ನು ಅರೆದು ಕುಡಿಯುವುದು ಬೇಡವೇ ಬೇಡ.

ಮಾಡಿ ನೋಡಬಹುದಾದ್ದು ಕೆಂಪು ಪುಂಡಿ. ತಂಬುಳಿಗೆ ಕೀಳುವ ಅಂಗಳದ ದಾಸವಾಳ ಇದರ ಬಳಗದ್ದೇ, ಆದರೆ ಗಿಡ ಬೇರೆ. ಹೂ ಬಾಡಿದ ಮೇಲೆ ಕಾಯಿಯನ್ನು ಸುತ್ತಿಕೊಂಡು ಉಳಿಯುವ ದಪ್ಪ, ಹುಳಿ, ಕೆಂಪು ಎಸಳು ಬೇಕು. ಬಿಪಿ ಸ್ವಲ್ಪವೇ ಜಾಸ್ತಿ ಇದ್ದ, ಮಾತ್ರೆ ತೆಗೆದುಕೊಳ್ಳದ 65 ಜನರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗವೊಂದು 2010ರಲ್ಲಿ ಪ್ರಕಟವಾಯಿತು. ಇದರ ಕಷಾಯ ದಿನಕ್ಕೆ 3 ಲೋಟದಂತೆ 6 ವಾರ ಕುಡಿದವರಲ್ಲಿ ಮೇಲಿನ ಅಂಕಿ ಸರಾಸರಿ 7ರಷ್ಟು ಇಳಿಯಿತು. ಅದೇ ರುಚಿ-ಬಣ್ಣದ ಬೇರೆ ನೀರು ಕುಡಿದವರಲ್ಲಿ ಇಳಿದದ್ದು 1ರಷ್ಟು. ಅಂದರೆ 140 ಇದ್ದದ್ದು 133 ಆಗಬಹುದು. ಮಾತ್ರೆ ಬಿಡುವಷ್ಟೇನೂ ಅಲ್ಲ, ಅಲ್ವಾ?

ಮೊದಲ ವಾರ ಕಷಾಯ ಬೇಡ, ಅಳತೆ ಮಾತ್ರ. ತೋಳಿಗೆ ಕಟ್ಟುವ ಯಂತ್ರವೇ ಇರಲಿ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಬೀಡಿ, ಹೊಗೆಸೊಪ್ಪು ಹಾಕಿದ ಎಲೆಯಡಿಕೆ ಯಾವುದೂ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆನಿಸಿ, ಪಾದ ನೆಲಕ್ಕೆ ಊರಿ 5 ನಿಮಿಷ ಮಾತಾಡದೆ ಕೂತುಕೊಳ್ಳಿ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆದಿಡಿ. ಬೆಳಿಗ್ಗೆ ಹೀಗೆ, ಸಂಜೆಯೂ ಹೀಗೆ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಡಾಕ್ಟರರಿಗೆ ತೋರಿಸಿ.

ಆಮೇಲೆ ಕಷಾಯ. ಒಣಗಿಸಿದ ಎಸಳು ಲೋಟಕ್ಕೆ ಒಂದೂಕಾಲು ಗ್ರಾಂ ಸಾಕು. ಕುದಿನೀರು ಹೊಯ್ದು ಐದಾರು ನಿಮಿಷ ಮುಚ್ಚಿಡಿ, ಸೋಸಿ ಕುಡಿಯಿರಿ. ಹುಳಿ ಹಲ್ಲಿಗೆ ಹತ್ತದಂತೆ ಬಾಯಿ ಮುಕ್ಕಳಿಸಿ. ಅಳೆಯುವುದನ್ನು ನಿಲ್ಲಿಸಬೇಡಿ. ಅದೇ ಹೊತ್ತಿಗೆ ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ), ಮಿಡಿ ಉಪ್ಪಿನಕಾಯಿಯನ್ನೂ ಬಿಟ್ಟರೆ ಇಳಿದದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ನನ್ನನ್ನು ಕೇಳಿದರೆ, ಉಪ್ಪು ಕಡಿಮೆ ಮಾಡಿ ಮೊದಲು ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ.

ಗರ್ಭಿಣಿಯರಿಗೆ ಈ ಕಷಾಯ ಬೇಡ. ಬಿಪಿ ಮಾತ್ರೆ ನುಂಗುತ್ತಿರುವವರು, ಕಿಡ್ನಿ ತೊಂದರೆ ಇರುವವರು ಡಾಕ್ಟರರನ್ನು ಕೇಳಿಯೇ ಶುರು ಮಾಡಿ. ಮಾತ್ರೆ, ಕಷಾಯ ಎರಡೂ ಸೇರಿ ಬಿಪಿ ತೀರಾ ಇಳಿದರೆ ಎದ್ದು ನಿಂತಾಗ ತಲೆ ತಿರುಗುತ್ತದೆ. ಇನ್ನೊಂದು: ಕೆಮ್ಮಿಗೆಂದು ಜಗಿಯುವ ಜ್ಯೇಷ್ಠಮಧು ಬಿಪಿ ಏರಿಸುತ್ತದೆ. ಅದರಲ್ಲಿರುವ ಗ್ಲಿಸಿರೈಜಿನ್ ಮೈಯಲ್ಲಿ ಉಪ್ಪು, ನೀರು ಉಳಿಯುವಂತೆ ಮಾಡುತ್ತದೆ. ಪುಂಡಿ ಕುಡಿಯುತ್ತಾ ಅದನ್ನೂ ಜಗಿಯುತ್ತಿದ್ದರೆ ಪುಸ್ತಕದಲ್ಲಿ ಬರೆದಿಟ್ಟ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ.