ಕಿಡ್ನಿ ಪಥ್ಯದಲ್ಲೂ ಆಡಿನ ಸುಕ್ಕ: ನಾನು ಮಾಡಿದ ರೀತಿ

ನಮ್ಮ ಮನೆಯವರಿಗೆ ಕಿಡ್ನಿ ತೊಂದರೆ ಮೂರನೇ ಹಂತದಲ್ಲಿದೆ, ಡಯಾಲಿಸಿಸ್ ಶುರುವಾಗಿಲ್ಲ. ಮಟನ್ ಪೂರ್ತಿ ಬಿಡಬೇಕು ಅಂತ ಬದಿಯಡ್ಕದ ನೆಂಟರೆಲ್ಲ ಹೇಳಿದ್ದರು. ನಾನು ಸುಕ್ಕ ಮಾಡ್ತೇನೆ ಅಂದಾಗ ನಾದಿನಿ "ಅತ್ತಿಗೆ, ಅಣ್ಣನ ಜೀವದ ಜೊತೆ ಆಟ ಬೇಡ" ಅಂತ ಅತ್ತೇಬಿಟ್ಟಳು. ಈಗ ವರ್ಷ ಕಳೆಯಿತು. ವಾರಕ್ಕೊಮ್ಮೆ ಆಡಿನ ಮಾಂಸ ತಿಂದರೂ, ಕಿಡ್ನಿ ಕೆಟ್ಟಷ್ಟೂ ರಕ್ತದಲ್ಲಿ ಏರುವ ಕ್ರಿಯೇಟಿನಿನ್ ಎರಡರ ಆಸುಪಾಸಿನಲ್ಲೇ ಇದೆ. ಐದೂವರೆ ಹತ್ತಿರ ಹೋಗಿದ್ದ ಪೊಟ್ಯಾಸಿಯಮ್ (ರಕ್ತದಲ್ಲಿ ಹೆಚ್ಚಾದರೆ ಹೃದಯಕ್ಕೆ ಅಪಾಯ) 4.7ರಷ್ಟಾಗಿದೆ, ಅದು ತುಂಬ ಇರುವ ಎಳನೀರು ಬಿಡಿಸಿದ್ದೂ ಅದಕ್ಕೆ ಕಾರಣ.

ಎಲ್ಲಕ್ಕಿಂತ ಮೊದಲು ತಕ್ಕಡಿ ಬೇಕು. ನಾನೂರು ಚಿಲ್ಲರೆ ಕೊಟ್ಟು ಡಿಜಿಟಲ್ ತಕ್ಕಡಿ ತಂದೆ, ಅಷ್ಟು ಒಳ್ಳೆಯ ಖರ್ಚು ನಾನು ಬೇರೆ ಮಾಡಿಲ್ಲ. ಇವರ ತೂಕ 60 ಕಿಲೋ, ಡಾಕ್ಟರ್ ಹೇಳಿದ್ದು ಕಿಲೋಗೆ 0.8 ಗ್ರಾಂ ಪ್ರೋಟೀನ್, ಅಂದರೆ ದಿನಕ್ಕೆ 48 ಗ್ರಾಂ. ಎಲುಬಿಲ್ಲದ ಹಸಿ ಮಾಂಸ 75 ಗ್ರಾಂ ಇಟ್ಟರೆ ಅದರಲ್ಲೇ 15 ಗ್ರಾಂ ಹೋಯಿತು. ಹಾಗಾಗಿ ಆ ದಿನ ಮೀನಿಲ್ಲ, ಮೊಟ್ಟೆಯಿಲ್ಲ, ತೊವ್ವೆಯೂ ಇಲ್ಲ. ಡಯಾಲಿಸಿಸ್‌ನಲ್ಲಿರುವವರಿಗೆ ಪ್ರೋಟೀನ್ ಜಾಸ್ತಿ ಬೇಕು, ಅವರು ಈ ಲೆಕ್ಕ ಹಿಡಿಯಬೇಡಿ.

ಇನ್ನು ಬೇಯಿಸುವುದು. ಇದರಲ್ಲೇ ನನಗೆ ಸಾಕುಸಾಕಾದದ್ದು. ದೊಡ್ಡ ತುಂಡು ಬೇಯಿಸಿ ನೀರು ಚೆಲ್ಲಿದೆ, ಆದರೆ ಕಿಡ್ನಿಗೆ ಹೊರೆಯಾಗುವ ಪೊಟ್ಯಾಸಿಯಮ್, ಫಾಸ್ಫರಸ್ ಒಳಗೇ ಉಳಿಯುತ್ತದೆ. ಕುಕ್ಕರಿನಲ್ಲಿ ನಾಲ್ಕು ವಿಸಿಲ್ ಹಾಕಿಸಿ ನೀರು ಬಸಿದರೆ ಬರೀ ನಾರು. ಇವರು ಒಂದು ತುತ್ತು ತಿಂದು ತಟ್ಟೆ ಸರಿಸಿದರು. ಮಟನ್‌ಗೆ ಕೆಜಿಗೆ ಎಂಟುನೂರು ದಾಟಿದೆ, ಹೊಟ್ಟೆ ಉರಿಯದೆ ಇರುತ್ತದಾ? ಕೊನೆಗೆ ಸರಿಹೋದದ್ದು ಹೀಗೆ: ಅಂಗಡಿಯ ಕಾಕನ ಹತ್ತಿರ ತೊಡೆಯ ಮಾಂಸ ಕೇಳಿ, ಕೊಬ್ಬು ತೆಗೆಸಿ, ಅಡಿಕೆ ಹೋಳಿನಷ್ಟು ಸಣ್ಣ ಮಾಡಿಸುವುದು. ತೆರೆದ ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಹತ್ತು ನಿಮಿಷ ಕುದಿಸಿದರೆ ಬೂದು ಬಣ್ಣದ ನೊರೆ ಮೇಲೆ ಬರುತ್ತದೆ. ಆ ನೀರು ಚೆಲ್ಲಿ, ಬೇರೆ ಬಿಸಿನೀರಲ್ಲಿ ಮುಕ್ಕಾಲು ಬೇಯಿಸಿ, ಅದನ್ನೂ ಚೆಲ್ಲಬೇಕು. ಪೊಟ್ಯಾಸಿಯಮ್, ಫಾಸ್ಫರಸ್ ಸುಮಾರು ಭಾಗ ಆ ನೀರಿಗೆ ಇಳಿಯುತ್ತದೆ. ಪ್ರೋಟೀನ್ ಹೆಚ್ಚೇನೂ ಹೋಗುವುದಿಲ್ಲ, ಅದಕ್ಕೇ ಮೊದಲೇ ತೂಗುವುದು. ಕಾಲಿನ ಸೂಪು, ಲಿವರ್ ನಮ್ಮಲ್ಲಿ ಪೂರ್ತಿ ಬಂದ್.

ಎರಡನೇ ನೀರು ಬಸಿದ ಮೇಲೆ, ಮಸಾಲೆಗೆ ಹಾಕುವ ಮೊದಲು ಒಂದು ಕೆಲಸ ಮಾಡುತ್ತೇನೆ. ರುಚಿ ವಾಪಸ್ ಬರುವುದು ಅದರಿಂದಲೇ. ಅದನ್ನು ಮಾತ್ರ ಬರೆಯುವುದಿಲ್ಲ, ನಾದಿನಿಗೂ ಹೇಳಿಲ್ಲ. ತೆಂಗಿನಕಾಯಿ ಎರಡು ಚಮಚ ಸಾಕು, ಕೊತ್ತಂಬರಿ ಮತ್ತು ಒಳ್ಳೆಮೆಣಸು ಜಾಸ್ತಿ ಮಾಡಿ.

ಉಪ್ಪು ಕಡಿಮೆ ಮಾಡಲು ಹುಳಿಯ ದಾರಿಯನ್ನೂ ನೋಡಿದೆ. ಹಿತ್ತಲಲ್ಲಿ ಬಿಂಬುಳಿ (ಬಿಲಿಂಬಿ ಕಾಯಿ) ಸುರಿದಿತ್ತು, ಹಾಕುವ ಮೊದಲು ಡಾಕ್ಟರನ್ನು ಕೇಳಿದ್ದು ಒಳ್ಳೆಯದಾಯಿತು. ಅದರಲ್ಲಿ ಕಿಡ್ನಿಯಲ್ಲಿ ಹರಳುಗಟ್ಟುವ ಆಕ್ಸಲೇಟ್ ಜಾಸ್ತಿ, ಅದರ ರಸ ಕುಡಿದು ಕಿಡ್ನಿ ಕೆಡಿಸಿಕೊಂಡವರು ಕೇರಳದಲ್ಲೇ ಇದ್ದಾರೆ. ದಾರೆಹುಳಿಯಂತೂ (ಸ್ಟಾರ್ ಫ್ರೂಟ್) ಕಿಡ್ನಿ ಸರಿಯಿಲ್ಲದವರಿಗೆ ವಿಷವೇ. ಅಂಗಡಿಯ ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲಿನ ಬದಲಿಗೆ ಪೊಟ್ಯಾಸಿಯಮ್ ಇರುತ್ತದೆ, ಪ್ಯಾಕೆಟ್ ಒಡೆಯದೆ ವಾಪಸ್ ಕೊಟ್ಟೆ. ಈಗ ಇಳಿಸುವಾಗ ಅರ್ಧ ಲಿಂಬೆ ಹಿಂಡುತ್ತೇನೆ, ಅಷ್ಟೇ.

ಶುರು ಮಾಡುವವರು ಮೊದಲು ಒಮ್ಮೆ, ತಿಂಗಳು ಬಿಟ್ಟು ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ನಮಗೆ ಮಂಗಳೂರಿಗೆ ಹೋಗಿಬರುವ ಖರ್ಚೂ ಸೇರಿ ಪ್ರತಿ ಸಲ ಸಾವಿರದ ಮೇಲಾಗುತ್ತದೆ, ಅದರಲ್ಲಿ ಮಾತ್ರ ಉಳಿಸಲು ಹೋಗಬೇಡಿ.