ಅಪ್ಪು ಹಾಗೆ ಕಣ್ಣು ಕೊಡುವುದಾದರೆ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ಆ ದುಃಖದಲ್ಲೂ ಮನೆಯವರು ಅವರ ಕಣ್ಣು ದಾನ ಮಾಡಿದರು. ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ಮುಂಪದರ, ಹಿಂಪದರ ಬೇರ್ಪಡಿಸಿ ನಾಲ್ವರಿಗೆ ಜೋಡಿಸಿದರು. 2006ರಲ್ಲಿ ಅಣ್ಣಾವ್ರೂ ಕಣ್ಣು ಕೊಟ್ಟೇ ಹೋಗಿದ್ದರು.

ನಮ್ಮ ಬೀದಿಯಲ್ಲಿ ಸಾವಾದರೆ ನಾನು ಸಂಕೋಚ ಬಿಟ್ಟು ಈ ಮಾತು ಎತ್ತುತ್ತೇನೆ, ಯಾಕೆಂದರೆ ಸಾಮಾನ್ಯವಾಗಿ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ನೆಂಟರೆಲ್ಲ ಬರಲಿ ಎಂದು ಕಾಯದೆ ಹತ್ತಿರದ ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ಫ್ಯಾನ್ ಆರಿಸಿ. ರೆಪ್ಪೆ ಮೆಲ್ಲಗೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಕಣ್ಣು ಒಣಗಿದರೆ ಕಾರ್ನಿಯಾ ಹಾಳು. ತಲೆ ಕೆಳಗೆ ದಿಂಬು ಕೊಡಿ. ಸಾವನ್ನು ದೃಢಪಡಿಸಿದ ವೈದ್ಯರ ಪತ್ರ ಕೈಯಲ್ಲಿರಲಿ. ಸಿಬ್ಬಂದಿ ಮನೆಗೇ ಬರುತ್ತಾರೆ, ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ. ಮುಖ ವಿಕಾರವಾಗುವುದಿಲ್ಲ, ಅಂತ್ಯಕ್ರಿಯೆಗೂ ಅಡ್ಡಿಯಿಲ್ಲ.

ಕನ್ನಡಕ, ಸಕ್ಕರೆ ಕಾಯಿಲೆ, ಪೊರೆ ಆಪರೇಷನ್ ಆದವರೂ ಕೊಡಬಹುದು. ಎಚ್‌ಐವಿ, ರೇಬೀಸ್‌ನಂಥ ಸೋಂಕಿದ್ದರೆ ತೆಗೆದುಕೊಳ್ಳುವುದಿಲ್ಲ.

ನೀವು ನೇತ್ರದಾನದ ಕಾರ್ಡಿಗೆ ಸಹಿ ಹಾಕಿದ್ದರೂ ಕೊನೆಗೆ ಒಪ್ಪಿಗೆ ಕೊಡುವವರು ಮನೆಯವರೇ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವರಿಗೆ ಹೇಳಿಬಿಡಿ, ನೇತ್ರ ಬ್ಯಾಂಕಿನ ನಂಬರನ್ನು ಎಲ್ಲರ ಫೋನಿನಲ್ಲೂ ಸೇವ್ ಮಾಡಿಸಿ.