ಕರು ಹಾಕಿದ ಹಸುವಿನ ಗರ್ಭಕೋಶ: ಮೊದಲ ಹತ್ತು ದಿನ ನೋಡಿಕೊಳ್ಳುವುದು ಹೇಗೆ?

ಕೋಲಾರದ ಕಡೆ ಬೋರ್‌ವೆಲ್ ಕೈಕೊಟ್ಟ ವರ್ಷವೂ ಎಷ್ಟೋ ಮನೆ ನಡೆಸುವುದು ಡೇರಿಯ ಬಟವಾಡೆ. ಆದರೆ ಮೂರು ಸಲ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಿದರೂ ಹಸು ಗಬ್ಬ ನಿಲ್ಲದಿದ್ದರೆ? ಸೆಮೆನ್ ಸರಿಯಿಲ್ಲ ಅಂತ ಬೈದು ಸುಮ್ಮನಾಗುತ್ತೇವೆ. ಎಷ್ಟೋ ಸಲ ಗರ್ಭಕೋಶ ಕೆಟ್ಟಿರುವುದು ಕರು ಹಾಕಿದ ಮೊದಲ ವಾರಗಳಲ್ಲೇ. ಆಗ ಎಲ್ಲರ ಕಣ್ಣೂ ಕರುವಿನ ಮೇಲೆ, ಗಿಣ್ಣಿನ ಮೇಲೆ.

ಹಸುವಿನ ಯೋನಿಯಲ್ಲಿ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತವೆ. ಕರು ಬರುವಾಗ ದಾರಿ ತೆರೆದುಕೊಳ್ಳುತ್ತದೆ. ಆಗ ಅವೂ, ಸಗಣಿ ಮತ್ತು ಕೊಟ್ಟಿಗೆ ನೆಲದ ಕ್ರಿಮಿಗಳೂ ಗರ್ಭಕೋಶ ಸೇರುತ್ತವೆ. ಹೆಚ್ಚುಕಡಿಮೆ ಎಲ್ಲ ಹಸುಗಳಿಗೂ ಹೀಗಾಗುತ್ತದೆ. ಮೊದಲೆರಡು ದಿನ ಕಾಯಿಲೆ ಬೀಳಲಿರುವ ಹಸುವಿಗೂ ಗಟ್ಟಿಯಾಗಿ ಉಳಿಯುವ ಹಸುವಿಗೂ ಒಳಗಿನ ಬ್ಯಾಕ್ಟೀರಿಯಾಗಳಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ಆಮೇಲೆ ದಾರಿ ಬೇರೆಯಾಗುತ್ತದೆ. ಒಂದು ಹಸು ಕ್ರಿಮಿಗಳನ್ನು ತಾನೇ ಹೊರಹಾಕುತ್ತದೆ. ಇನ್ನೊಂದರಲ್ಲಿ ಫ್ಯೂಸೋಬ್ಯಾಕ್ಟೀರಿಯಂ, ಬ್ಯಾಕ್ಟಿರಾಯ್ಡಿಸ್‌ನಂಥ, ಗಾಳಿಯಾಡದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳು ಹೆಚ್ಚಿಕೊಳ್ಳುತ್ತವೆ. ಡಾಕ್ಟರು ಮೆಟ್ರೈಟಿಸ್ ಅನ್ನುವುದು ಇದಕ್ಕೇ. ಕಸ (ಮಾಸು) ಬೀಳದ, ಕಷ್ಟಪಟ್ಟು ಕರು ಹಾಕಿದ, ಅವಳಿ ಹಾಕಿದ, ಮೇವು ಬಿಟ್ಟ ಹಸುಗಳಿಗೆ ಅಪಾಯ ಜಾಸ್ತಿ.

ಹಾಗಾಗಿ ಕೆಲಸ ಕರು ಹಾಕುವ ಮುಂಚೆಯೇ ಶುರು. ಆ ಜಾಗದ ಸಗಣಿ ಗಂಜಲ ತೆಗೆದು, ಒಣಗಿಸಿ, ರಾಗಿ ಹುಲ್ಲು ಹಾಸಿ. ಕರು ತಾನಾಗಿ ಬರುತ್ತಿದ್ದರೆ ಕೈ ಹಾಕಬೇಡಿ. ಹಾಕಲೇಬೇಕಾದರೆ ಹಸುವಿನ ಹಿಂಭಾಗ ತೊಳೆದು, ಉದ್ದದ ಗ್ಲೌಸ್ ತೊಟ್ಟುಕೊಳ್ಳಿ. ಇದು ನಿಮಗೂ ಒಳ್ಳೆಯದು: ಬ್ರುಸೆಲ್ಲಾ ರೋಗ ಹಸುವಿನ ಕಸದಿಂದ, ಕರು ಹಾಕುವಾಗ ಬರುವ ನೀರಿನಿಂದ ಮನುಷ್ಯರಿಗೂ ಅಂಟುತ್ತದೆ. ಮನೆಯ ಬಸುರಿ ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕರೆಯಲೇಬೇಡಿ.

ಕಸ ಸಾಮಾನ್ಯವಾಗಿ 12 ಗಂಟೆಯೊಳಗೆ ಬೀಳುತ್ತದೆ. ಬಿದ್ದದ್ದನ್ನು ನಾಯಿಗೆ ಸಿಗದಂತೆ ಸುಣ್ಣ ಹಾಕಿ ಆಳವಾಗಿ ಹೂಳಿ. ಬೀಳದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. 24 ಗಂಟೆ ದಾಟಿಸಲೇಬೇಡಿ. ನೇತಾಡುವ ಕಸಕ್ಕೆ ಕಲ್ಲೋ ಹಳೇ ಚಪ್ಪಲಿಯೋ ಕಟ್ಟುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಎಳೆದರೆ ಚೂರು ಒಳಗೇ ಉಳಿಯುತ್ತದೆ, ಗರ್ಭಕೋಶದ ಗೋಡೆಗೂ ಗಾಯ.

ಮುಂದಿನ ಹತ್ತು ದಿನ ದಿನಾ ಬೆಳಿಗ್ಗೆ ಹಾಲು ಕರೆಯುವ ಮುಂಚೆ ಬಾಲ ಎತ್ತಿ ನೋಡಿ. ಬಾಲದ ಕೂದಲಿಗೆ, ತೊಡೆಗೆ ಅಂಟಿರುವುದು ಏನು? ಕೆಂಪು ಕಂದು ಬಣ್ಣದ, ಮಂದವಾದ, ನಾತವಿಲ್ಲದ ಸ್ರಾವವಾದರೆ ಹೆದರಬೇಡಿ. ಎರಡು ಮೂರು ವಾರ ಹಾಗೆ ಹೋಗುವುದು ಸಹಜ. ನೀರು ನೀರಾಗಿ, ಮೂಗು ಮುಚ್ಚಿಕೊಳ್ಳುವಷ್ಟು ಕೊಳೆತ ನಾತವಿದ್ದರೆ ಅದು ಕಾಯಿಲೆ. ಬಣ್ಣಕ್ಕಿಂತ ನಾತವನ್ನು ನಂಬಿ ಅನ್ನುತ್ತೇನೆ ನಾನು. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ, ಹಸು ಬೂಸಾ ಮೂಸಿ ಬಿಟ್ಟರೆ, ಹಾಲು ಇಳಿದರೆ ಮಧ್ಯಾಹ್ನದವರೆಗೂ ಕಾಯಬೇಡಿ. ಪಶು ಆಸ್ಪತ್ರೆ ದೂರವಿದ್ದರೆ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಜ್ವರ ಇಲ್ಲದಿದ್ದರೂ ನಾತದ ಸ್ರಾವವಿದ್ದರೆ ತೋರಿಸಿ.

ಆ್ಯಂಟಿಬಯಾಟಿಕ್ ಕೊಟ್ಟರೆ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಅಂತ ಆಗಲೇ ಕೇಳಿಕೊಳ್ಳಿ. ಮೆಡಿಕಲ್ ಶಾಪಿನಿಂದ ನೀವೇ ತಂದು ಚುಚ್ಚಬೇಡಿ.

ಒಳ್ಳೆಯ ಬ್ಯಾಕ್ಟೀರಿಯಾ ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಬಹಳಷ್ಟು ಹೆಂಗಸರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಜಾಸ್ತಿಯಿದ್ದು ಯೋನಿ ಹುಳಿಯಾಗಿರುತ್ತದೆ, ಹುಳಿಯ ಅಳತೆಯಾದ ಪಿಎಚ್ 4.5ಕ್ಕಿಂತ ಕಡಿಮೆ (ಇದು ಇಳಿದಷ್ಟೂ ಹುಳಿ ಜಾಸ್ತಿ). ಹಸುವಿನಲ್ಲಿ ಅವು ಕಡಿಮೆ, ಪಿಎಚ್ 7ರ ಆಸುಪಾಸು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಆರಿಸಿದ ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾಗಳನ್ನು (ಹಾಲನ್ನು ಮೊಸರು ಮಾಡುವ ಗುಂಪಿನವು) ಕರು ಹಾಕುವ ಆಸುಪಾಸಿನಲ್ಲಿ ಹಸುವಿನ ಯೋನಿಗೆ ಬಿಟ್ಟು ನೋಡಿದಾಗ ಗರ್ಭಕೋಶದ ಸೋಂಕು ಕಡಿಮೆಯಾಗಿತ್ತು. ಹಾಗಂತ ಮನೆಯ ಮೊಸರು ಸುರಿಯಬೇಡಿ. ಅದರಲ್ಲಿ ಇನ್ನೇನೇನು ಇದೆಯೋ ಯಾರಿಗೆ ಗೊತ್ತು!

ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು 40 ದಿನ ಬೇಕು. ಸೂಜಿಗೆ ಎರಡು ತಿಂಗಳಾದರೂ ತಡೆಯಿರಿ. ಬೆದೆಗೆ ಬಂದಾಗ ಲೋಳೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಮೊಟ್ಟೆಯ ಬಿಳಿಯಂತೆ ತಿಳಿಯಾಗಿದ್ದರೆ ಹಾಕಿಸಿ. ಬಿಳಿ ಎಳೆ, ಕೀವಿನ ಚೂರು ಕಂಡರೆ ಆ ಬೆದೆ ಬಿಟ್ಟು, ಡಾಕ್ಟರ ಕೈಲಿ ಗರ್ಭಕೋಶ ತಪಾಸಣೆ ಮಾಡಿಸಿ.